ಎರಡು ಸಲ ಜಗ್ಗಿದರೆ

ಹಿಮಾಲಯದ ಒಂದು ಮೂಲೆಯಲ್ಲಿ ಗೌರೀಧಾರ್ ಎಂಬ ಶಿಖರ. ಅದರ ಬುಡದಲ್ಲಿ ಒಂದು ನದಿ, ನದಿಯ ದಡದಲ್ಲಿ ಒಂದು ಆಶ್ರಮ.

ಆಶ್ರಮ ಎಂದ ಕೂಡಲೇ ಹೂದೋಟ, ಜಿಂಕೆಮರಿ, ವೇದಘೋಷ ಎಂದೆಲ್ಲ ಊಹಿಸಿಕೊಳ್ಳಬೇಡಿ. ಎರಡು ಕಲ್ಲಿನ ಕೋಣೆ, ಹೊಗೆ ಹಿಡಿದ ಒಂದು ಒಲೆ, ಅಂಗಳದಲ್ಲಿ ಕಟ್ಟಿಗೆಯ ರಾಶಿ. ಹಿಂದೆ ಗೋಡೆಯಂತೆ ನೆಟ್ಟಗೆ ನಿಂತ ಬಂಡೆ, ಬಂಡೆಯ ನೆತ್ತಿಯ ಅಂಚಿನಲ್ಲಿ ಗೌರಿಯ ಪುಟ್ಟ ಗುಡಿ. ಅಷ್ಟೇ.

ಅಲ್ಲಿದ್ದ ಗುರುವಿಗೆ ಉಪದೇಶ ಮಾಡುವ ಅಭ್ಯಾಸವೂ ಇರಲಿಲ್ಲ. ಬಾದಾಮಿ ಕಡೆಯವರು. ಊರಲ್ಲಿದ್ದಾಗಿನ ಹೆಸರು ಮಾಗುಂಡಪ್ಪ. ಈಗ ಬೆಟ್ಟದ ಜನ ಬಾಬಾ ಎನ್ನುತ್ತಿದ್ದರು, ಅಪರೂಪಕ್ಕೆ ಬರುವ ಕನ್ನಡದವರು ಅಜ್ಜಾರು ಎನ್ನುತ್ತಿದ್ದರು.

ಬೇಸಿಗೆಯ ಮೊದಲಲ್ಲಿ ಬನಶಂಕರಿ ಅಲ್ಲಿಗೆ ಬಂದಳು. ಬೆನ್ನ ಮೇಲಿನ ಚೀಲ ಇಳಿಸಲಿಲ್ಲ, ಕೊಟ್ಟ ನೀರು ಕುಡಿಯಲಿಲ್ಲ.

“ಅಜ್ಜಾರ, ನಾನು ಹುಚ್ಚೇಶನ ಮಗಳು.”

ಅಜ್ಜಾರು ಕಟ್ಟಿಗೆ ಒಡೆಯುತ್ತಿದ್ದರು. ಕೊಡಲಿ ಕೆಳಗಿಟ್ಟರು.

“ನಮ್ಮಪ್ಪ ಗೌರೀಧಾರ್ ತುದಿ ಮುಟ್ಟಿದ್ದು ನೀವು ನೋಡಿದ್ರೇನ್ರಿ?”

“ಇಲ್ಲ.”

“ಇಲ್ಲ ಅಂದ್ರ? ಅಷ್ಟೇ ಏನ್ರಿ?”

“ನೀ ಕೇಳಿದ್ದು ಅಷ್ಟ,” ಎಂದು ಅಜ್ಜಾರು ಮತ್ತೆ ಕೊಡಲಿ ಎತ್ತಿಕೊಂಡರು.

ಈ ಪ್ರಶ್ನೆ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಶಿಖರದ ಕಥೆಯನ್ನೂ ಸ್ವಲ್ಪ ಕೇಳಬೇಕು.

ಗೌರೀಧಾರನ್ನು ಹತ್ತಲು ಮೊದಲು ಬಂದವರು ಬಿಳಿಯ ಸಾಹೇಬರು. ದುರ್ಬೀನು, ಅಳತೆಯ ಯಂತ್ರ, ಮಡಚುವ ಮಂಚ, ಅದನ್ನೆಲ್ಲ ಹೊರಲು ಇಡೀ ಕಣಿವೆಯ ಗಂಡಸರು. ಅವರು ಶಿಖರಕ್ಕೆ ಒಂದು ಎತ್ತರ ಕೊಟ್ಟರು, ಮನುಷ್ಯಮಾತ್ರರಿಂದ ಇದು ಆಗದು ಎಂದು ಬರೆದರು, ಮಂಚ ಮಡಚಿಕೊಂಡು ಹೋದರು. ಗುಡಿಯ ಬಂಡೆಗೆ ಅವರು ಅಭ್ಯಾಸಕ್ಕೆಂದು ಆಳೆತ್ತರದಲ್ಲಿ ಬಡಿದ ಒಂದು ಕಬ್ಬಿಣದ ಬಳೆ ಮಾತ್ರ ಉಳಿಯಿತು.

ಆಮೇಲೆ ಬಂದ ತಂಡದ ಡೇರೆಗಳ ಮೇಲೆ ಹಿಮ ಜಾರಿತು. ಅವರ ನಂತರದವರು ತುದಿಗೆ ತುಸು ಕೆಳಗಿರುವ ಕೆಂಪು ಬಂಡೆಯ ತನಕ ಹೋಗಿ, ಅದನ್ನು ಕತ್ತೆತ್ತಿ ನೋಡಿ, ತೆಪ್ಪಗೆ ಹಿಂದಿರುಗಿದರು. ಹಿಮದಲ್ಲಿ ನಡೆಯಬಲ್ಲವರಿಗೆ ಅಂಥ ಬಂಡೆ ಹತ್ತಿ ಗೊತ್ತಿರಲಿಲ್ಲ.

ನಮ್ಮ ದೇಶದ ತಂಡ ಹೊರಟಾಗ ಅದರ ನಾಯಕ ಆ ಬಂಡೆಗಾಗಿಯೇ ಇಬ್ಬರನ್ನು ಹುಡುಕಿಸಿದ. ಬಾದಾಮಿ ಕಡೆಯ ಕೆಂಪು ಬಂಡೆಗಳ ಮೇಲೆ ಕೋತಿಗಳ ಜೊತೆ ಪೈಪೋಟಿಗೆ ಬಿದ್ದು ಬೆಳೆದ ಇಬ್ಬರು ಗೆಳೆಯರು, ಮಾಗುಂಡಪ್ಪ ಮತ್ತು ಹುಚ್ಚೇಶ. ಅಲ್ಲಿಯ ತನಕ ಅವರು ಹಿಮವನ್ನು ಕಂಡದ್ದು ಐಸ್‌ಕ್ಯಾಂಡಿಯಲ್ಲಿ.

ಕೊನೆಯ ದಿನ ಆ ಇಬ್ಬರೇ ಮೇಲೆ ಹೋದರು. ಮೋಡ ಕವಿಯಿತು. ಒಬ್ಬನೇ ಇಳಿದು ಬಂದ.

ಇಳಿದು ಬಂದವನು ಊರಿಗೆ ಹೋಗಲಿಲ್ಲ, ನದಿಯ ದಡದಲ್ಲೇ ಉಳಿದುಬಿಟ್ಟ. ಸರ್ಕಾರ ಶಿಖರದ ದಾರಿ ಮುಚ್ಚಿತು. ಪರ್ವತಗಳ ಚರಿತ್ರೆ ಬರೆಯುವವರು ಗೌರೀಧಾರದ ಎದುರು ‘ಮೊದಲು ಹತ್ತಿದವನು ಹುಚ್ಚೇಶ’ ಎಂದು ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆಯ ಚಿಹ್ನೆ ಹಾಕಿದರು.

ಆಗ ಬನಶಂಕರಿ ತಾಯಿಯ ಹೊಟ್ಟೆಯಲ್ಲಿದ್ದಳು. ಅಪ್ಪನ ಬದಲು ಆ ಚಿಹ್ನೆ ಅವಳ ಜೊತೆ ಬೆಳೆಯಿತು. ಅಪ್ಪ ಮುಟ್ಟಿ ಸತ್ತನೋ, ಮುಟ್ಟದೆ ಸತ್ತನೋ. ಅದೊಂದು ಗೊತ್ತಾಗದೆ ಅವಳು ಎಲ್ಲಿಯೂ ನೆಟ್ಟಗೆ ಕೂತವಳಲ್ಲ. ಶಾಲೆಯಲ್ಲಿ ಕೂರಲಿಲ್ಲ, ಕೆಲಸದಲ್ಲಿ ನಿಲ್ಲಲಿಲ್ಲ. ಊರಿನ ಬಂಡೆಗಳನ್ನೆಲ್ಲ ಹತ್ತಿ ಇಳಿದು, ಹತ್ತಲು ಬಂಡೆಯೇ ಉಳಿಯದಿದ್ದಾಗ ಇಲ್ಲಿಗೆ ಬಂದಿದ್ದಳು.

ಈ ವರ್ಷ ಸರ್ಕಾರ ಶಿಖರದ ದಾರಿಯನ್ನು ಮತ್ತೆ ತೆರೆದಿತ್ತು.

“ನೋಡಿಲ್ಲ ಅಂದ ಮ್ಯಾಲೆ ಇಷ್ಟು ವರ್ಷ ಇಲ್ಲಿ ಯಾಕ ಕುಂತೀರಿ?” ಎಂದು ಕೇಳಿದಳು.

“ದೀಪ ಹಚ್ಚಾಕ,” ಎಂದು ಅಜ್ಜಾರು ಮೇಲಿನ ಗುಡಿಯನ್ನು ತೋರಿಸಿದರು. “ನಾ ಹತ್ತುವಾಗ ಹಗ್ಗ ಹಿಡೀತಿದ್ದವ ಕುರಿ ಹೊಡಕೊಂಡು ಮ್ಯಾಲಿನ ಹುಲ್ಲುಗಾವಲಿಗೆ ಹೋದ. ನಾಳಿಯಿಂದ ನೀ ಹಿಡಿ.”

ಇದು ಪರೀಕ್ಷೆ ಇರಬೇಕು, ಪಾಸಾದರೆ ಉತ್ತರ ಸಿಗುತ್ತದೆ ಎಂದು ಬನಶಂಕರಿ ಲೆಕ್ಕ ಹಾಕಿದಳು. ಚೀಲ ಇಳಿಸಿದಳು.

ಬೆಳಿಗ್ಗೆ ಅಜ್ಜಾರು ಹಗ್ಗದ ಒಂದು ತುದಿಯನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಹಗ್ಗ ಸಾಹೇಬರ ಬಳೆಯೊಳಗೆ ಹಾದು ಕೆಳಗಿದ್ದವರ ಕೈಗೆ ಬರುತ್ತಿತ್ತು.

“ಅಜ್ಜಾರ, ನಿಮಗ ವಯಸ್ಸಾಗೇತಿ. ಬಂಡಿ ನಾ ಹತ್ತತೀನ್ರಿ. ಊರಾಗ ನನ್ನಂಗ ಹತ್ತೋರು ಯಾರೂ ಇಲ್ಲ.”

“ಹತ್ತೋರು ಭಾಳ ಮಂದಿ ಅದಾರ. ನೀ ಹಿಡಿ.”

“ಹಿಡದೀನಿ.”

“ನನ್ನ ನೋಡಬ್ಯಾಡ. ನಾ ಮ್ಯಾಲ ಮುಟ್ಟಿದ್ರ ಎರಡು ಸಲ ಜಗ್ಗತೀನಿ.”

ಬನಶಂಕರಿಗೆ ನಗು ಬಂತು. ಇದು ಅವರ ಊರಿನದೇ ರೂಢಿ. ಅಲ್ಲಿಯ ಬಂಡೆಗಳ ನಡುವೆ ಕೂಗಿದರೆ ಮಾತು ಹತ್ತು ಕಡೆ ಬಡಿದು ಕಲಸುಮೇಲೋಗರವಾಗುತ್ತದೆ. ಅದಕ್ಕೇ ಮೇಲೆ ಮುಟ್ಟಿದವರು ಎರಡು ಸಲ ಹಗ್ಗ ಜಗ್ಗುತ್ತಾರೆ, ಕೆಳಗಿರುವವರು ಒಂದು ಸಲ ಜಗ್ಗಿ ತಿಳೀತು ಎನ್ನುತ್ತಾರೆ. ಆ ಕಡೆಯ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಇದು ಬರುತ್ತದೆ.

“ನಾ ಒಂದು ಸಲ ಜಗ್ಗಬೇಕು. ಗೊತ್ತೈತ್ರಿ.”

“ಬ್ಯಾಡ.” ಅಜ್ಜಾರ ದನಿ ಬಿಗಿಯಾಗಿತ್ತು. “ನೀ ತಿರುಗಿ ಜಗ್ಗಬ್ಯಾಡ. ಸುಮ್ಮನ ಹಿಡಿ.”

“ಯಾಕ್ರಿ?”

ಅಜ್ಜಾರು ಆಗಲೇ ಬಂಡೆಗೆ ಕೈ ಹಾಕಿದ್ದರು.

ಹೀಗೆ ಅವಳ ಶಿಷ್ಯವೃತ್ತಿ ಶುರುವಾಯಿತು. ಬೆಳಿಗ್ಗೆ ಹಗ್ಗ ಹಿಡಿಯುವುದು, ಆಮೇಲೆ ನೀರು, ಕಟ್ಟಿಗೆ, ರೊಟ್ಟಿ. ಮಂತ್ರವಿಲ್ಲ, ಧ್ಯಾನವಿಲ್ಲ. ಉತ್ತರದ ಸುದ್ದಿಯೂ ಇಲ್ಲ.

ಹಗ್ಗ ಹಿಡಿದವರಿಗೆ ಮಾಡಲು ಬೇರೇನೂ ಇರುವುದಿಲ್ಲ. ಹತ್ತಿ ಅಭ್ಯಾಸವಿದ್ದ ಮೈಗೆ ಅದೊಂದು ಶಿಕ್ಷೆ. ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಅಜ್ಜಾರು ಎಲ್ಲಿ ಕಾಲಿಟ್ಟರೆ ಬೇಗ ಆಗುತ್ತಿತ್ತೆಂದು ಮನಸ್ಸಿನಲ್ಲೇ ತಿದ್ದುತ್ತಿದ್ದಳು. ಮೋಡ ಸರಿದಾಗಲೆಲ್ಲ ಕಣ್ಣು ಗೌರೀಧಾರದ ತುದಿಗೆ ಓಡುತ್ತಿತ್ತು. ಅಲ್ಲಿ ಕೆಂಪು ಬಂಡೆ ಹಣೆಯ ಮೇಲಿನ ಗೀರಿನಂತೆ ಕಾಣುತ್ತಿತ್ತು.

ಕೆಲಸವಿಲ್ಲದ ಹೊತ್ತಿನಲ್ಲಿ ನದಿಯ ದಡದ ಉದ್ದಕ್ಕೂ ಹೋಗುತ್ತಿದ್ದಳು, ಬರುತ್ತಿದ್ದಳು.

“ಕಾಲಿಗೆ ಇರುವಿ ಹತ್ಯಾವೇನು?” ಎಂದು ಅಜ್ಜಾರು ಕೇಳಿದರು.

“ಕುಂದ್ರಾಕ ಆಗವಲ್ದು, ಅಜ್ಜಾರ.”

“ನಿಂದ್ರು ಹಂಗಾದ್ರ.”

“ನಿಂದ್ರಾಕೂ ಆಗವಲ್ದು.”

“ಹಂಗಾದ್ರ ಹೋಗಿ ನೀರು ತಾ.”

ಅವಳು ಬಿಂದಿಗೆ ಕುಕ್ಕಿ ಎತ್ತಿಕೊಂಡು ಹೋದಳು. ಇಂಥ ಗುರುವನ್ನು ಕಟ್ಟಿಕೊಂಡು ಮೋಕ್ಷ ಸಿಕ್ಕ ಹಾಗೆಯೇ ಎಂದು ಗೊಣಗಿದ್ದು ನದಿಗೆ ಕೇಳಿಸಿರಬೇಕು.

ಒಂದು ಬೆಳಿಗ್ಗೆ ದಟ್ಟ ಮಂಜು. ಅಜ್ಜಾರು ಎರಡಾಳು ಎತ್ತರ ಹತ್ತುವಷ್ಟರಲ್ಲಿ ಕಣ್ಮರೆಯಾದರು. ಬನಶಂಕರಿ ಹಗ್ಗವನ್ನು ಸೊಂಟಕ್ಕೆ ಬಳಸಿ ಹಿಡಿದು, ಮನಸ್ಸಿನಲ್ಲಿ ತಾಯಿಯ ಜೊತೆ ಜಗಳವಾಡುತ್ತಿದ್ದಳು. ಸತ್ತವನು ಮುಟ್ಟಿದರೇನು ಬಿಟ್ಟರೇನು, ನೀನಾದರೂ ನೆಲದ ಮೇಲೆ ಇರು ಎಂದಿದ್ದಳು ತಾಯಿ.

ಹಗ್ಗ ಎರಡು ಸಲ ಜಗ್ಗಿತು.

ಅವಳ ಕೈ ಒಂದು ಸಲ ತಿರುಗಿ ಜಗ್ಗಿತು.

ಜಗ್ಗಿದ ಮೇಲೆ ನೆನಪಾಗಿ ನಾಲಗೆ ಕಚ್ಚಿಕೊಂಡಳು. ಮೇಲಿನಿಂದ ಗುಡಿಯ ಗಂಟೆಯ ಸದ್ದು ಬರಬೇಕಿತ್ತು, ಬರಲಿಲ್ಲ. ಬಹಳ ಹೊತ್ತಿನ ನಂತರ ಅಜ್ಜಾರು ಇಳಿದರು. ಸೊಂಟದ ಗಂಟು ಬಿಚ್ಚಲು ಬೆರಳುಗಳು ಒಪ್ಪುತ್ತಿರಲಿಲ್ಲ.

“ಬ್ಯಾಡ ಅಂದಿದ್ದೆ.”

“ತಪ್ಪಾತ್ರಿ. ಬೇಕಂತ ಮಾಡಲಿಲ್ಲ. ರೂಢಿ ಅಜ್ಜಾರ, ಕೈ ತಾನ ಜಗ್ಗಿತು.”

ಅಜ್ಜಾರು ಅವಳ ಕೈಯನ್ನೇ ನೋಡಿದರು.

“ಹೌದು,” ಎಂದರು. “ಕೈ ತಾನ ಜಗ್ಗತೈತಿ.”

ನದಿಯ ಕಡೆ ಹೋದವರು ಸಂಜೆಯ ತನಕ ಬರಲಿಲ್ಲ. ರೊಟ್ಟಿ ತಟ್ಟೆಯಲ್ಲೇ ಒಣಗಿತು. ಬೈದಿದ್ದರೆ ಬನಶಂಕರಿಗೆ ಸಮಾಧಾನವಾಗುತ್ತಿತ್ತು. ಇಷ್ಟು ಚಿಕ್ಕ ತಪ್ಪಿಗೆ ಇಷ್ಟು ದೊಡ್ಡ ಮೌನವೇಕೆ ಎಂದು ತಲೆ ಕೆಟ್ಟುಹೋಯಿತು.

ಅದೇ ವಾರ ನದಿಯ ಮೇಲ್ದಂಡೆಯಲ್ಲಿ ಹಳದಿ ಡೇರೆಗಳು ಎದ್ದವು. ಗೌರೀಧಾರ್ ಹತ್ತಲು ಹೊಸ ತಂಡ ಬಂದಿತ್ತು. ನಾಯಕ ಕೊಡಗಿನವನು, ಸೈನ್ಯದಿಂದ ನಿವೃತ್ತನಾದ ಮೇಜರ್ ಮುತ್ತಣ್ಣ. ಆಶ್ರಮಕ್ಕೆ ಬಂದು ಬೂಟು ಬಿಚ್ಚಿ ಅಜ್ಜಾರಿಗೆ ನಮಸ್ಕಾರ ಮಾಡಿದ. ಹುಚ್ಚೇಶನ ಮಗಳು ಇಲ್ಲೇ ಇದ್ದಾಳೆಂದು ತಿಳಿದು ಅವಳಿಗೂ ಕೈ ಮುಗಿದ.

“ನಾಳಿದ್ದು ನಮ್ಮ ಹುಡುಗರು ಮೇಲಿನ ಕ್ಯಾಂಪಿಗೆ ಹೊರಡ್ತಾರೆ. ತುದಿ ಮುಟ್ಟಿದ್ರೆ, ಮೊದಲು ಮುಟ್ಟಿದವರು ನಾವೇ ಅಂತ ಪೇಪರಿನವರು ಬರೀತಾರೆ. ಅದು ನಿಮ್ಮ ತಂದೆಯವರಿಗೆ ಸೇರಬೇಕಾದ್ದು ಅಂತಾದ್ರೆ ನನಗೆ ಬೇಡಮ್ಮ.”



ಮೇಜರ್ ಅಜ್ಜಾರ ಕಡೆ ತಿರುಗಿದ. “ಅಜ್ಜನವರೇ, ನೀವು ನೋಡಿದೆ ಅಂತ ಒಂದು ಮಾತು ಹೇಳಿ, ಸಾಕು. ನಮ್ಮದು ಎರಡನೇ ತಂಡ ಅಂತ ಊರಿಗೆಲ್ಲ ನಾನೇ ಸಾರ್ತೀನಿ. ನೋಡಿದ್ರಾ?”

“ಇಲ್ಲಪ್ಪ. ನೋಡಿಲ್ಲ.”

ಮೇಜರ್ ಇನ್ನೊಮ್ಮೆ ಕೈ ಮುಗಿದು ಬೂಟು ಹಾಕಿಕೊಂಡ. ಮನಸ್ಸು ಬದಲಾದರೆ ನಾಳೆಯೊಳಗೆ ಹೇಳಿ ಕಳಿಸಿ ಎಂದು ಹೋದ.

ಅವನು ಮರೆಯಾಗುವುದನ್ನೇ ಬನಶಂಕರಿ ಕಾಯುತ್ತಿದ್ದಳು.

“ಒಂದು ಮಾತು, ಅಜ್ಜಾರ! ನೋಡೀನಿ ಅಂದ್ರ ಬಾಯಿ ಸವೀತಿತ್ತೇನ್ರಿ?”

“ನೋಡಿಲ್ಲಲ್ಲ.”

“ನಿಮ್ಮ ಗೆಣಿಯಾ ಅಲ್ಲೇನ್ರಿ ಅವ? ನಿಮ್ಮ ಸಲುವಾಗಿ ಅವ ಇಷ್ಟೂ ಹೇಳ್ತಿರಲಿಲ್ಲೇನು?”

“ಹೇಳ್ತಿದ್ದ. ಅವ ಮೊದಲಿಂದ ಸುಳ್ಳಬುರುಕ,” ಎಂದರು ಅಜ್ಜಾರು. ಅವರ ತುಟಿಯ ಮೇಲೆ ಒಂದು ಚೂರು ನಗು ಬಂದು ಹೋಯಿತು. “ಕಟ್ಟಿಗಿ ಒದ್ದಿ ಅದಾವು. ಬಿಸಲಿಗೆ ಹಾಕು.”

ಅವಳು ಕಟ್ಟಿಗೆಯ ರಾಶಿಯನ್ನು ಕಾಲಿನಿಂದ ಒದ್ದಳು. ರಾಶಿ ಅಂಗಳದ ತುಂಬ ಚೆಲ್ಲಿತು. ಒಂದು ರೀತಿಯಲ್ಲಿ ಗುರುವಿನ ಮಾತು ನಡೆದಂತೆಯೇ ಆಯಿತು.

ಮರುದಿನ ಇಳಿಹೊತ್ತಿಗೆ ಬನಶಂಕರಿ ಹಳದಿ ಡೇರೆಗಳ ನಡುವೆ ನಿಂತಿದ್ದಳು.

“ಮೇಜರ್ ಸಾಹೇಬ್ರ, ಅಜ್ಜಾರು ನನ್ನ ಮುಂದ ಹೇಳಿದ್ರು. ಅವರು ನೋಡ್ಯಾರ. ನಿಮ್ಮ ಮುಂದ ಹೇಳಾಕ ಸಂಕೋಚ ಪಟ್ಟರು.”

ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ಸುಳ್ಳಬುರುಕನ ಮಗಳಲ್ಲವೇ.

ಮೇಜರ್ ಎದ್ದು ನಿಂತ. ತನ್ನ ಹುಡುಗರನ್ನೆಲ್ಲ ಕರೆದ. “ಇವರ ತಂದೆ ನಮಗಿಂತ ಮೊದಲು ಮೇಲೆ ನಿಂತವರು,” ಎಂದ. ಹುಡುಗರು ಟೋಪಿ ತೆಗೆದರು. ಯಾರೋ ಅವಳ ಕೈಗೆ ಬಿಸಿ ಚಹಾ ಕೊಟ್ಟರು.

ಹುಟ್ಟಿದಂದಿನಿಂದ ಕಾದ ಮಾತು. ಅದನ್ನು ಕೇಳಿದರೆ ಕುಣಿಯುತ್ತೇನೆ ಎಂದುಕೊಂಡಿದ್ದಳು. ಚಹಾ ಕೈಯಲ್ಲೇ ಆರಿತು. ಚಿಹ್ನೆ ಪುಸ್ತಕದಿಂದ ಅಳಿಸಿಹೋಗುತ್ತದೆ, ಸರಿ. ತನ್ನೊಳಗಿನದು ಎಲ್ಲಿ ಹೋಯಿತು? ಇದ್ದಲ್ಲೇ ಇತ್ತು. ಮೊದಲಿಗಿಂತ ಚೂಪಾಗಿತ್ತು.

ದಾರಿಯುದ್ದಕ್ಕೂ ಓಡುತ್ತಲೇ ಬಂದಳು. ಅಜ್ಜಾರು ಅವಳ ಮುಖ ನೋಡಿ ತಟ್ಟೆ ಮುಂದಿಟ್ಟರು.

“ಉಣ್ಣು,” ಎಂದರು.

ಮರುದಿನ ಬೆಳಿಗ್ಗೆ ಮತ್ತೆ ಮಂಜು. ಹಗ್ಗ ಬಳೆಯೊಳಗೆ ಹಾದು ಮೇಲೆ ಬೆಳ್ಳಗೆ ಕರಗಿಹೋಗಿತ್ತು. ನಿದ್ದೆಯಿಲ್ಲದ ಬನಶಂಕರಿಗೆ ತಿದ್ದಲು, ಜಗಳವಾಡಲು ಚೈತನ್ಯವೇ ಉಳಿದಿರಲಿಲ್ಲ. ಮೊದಲ ಸಲ ಬರೇ ಹಿಡಿದು ನಿಂತಳು.

ಹಿಡಿದು ನಿಂತರೆ ಏನೆಲ್ಲ ತಿಳಿಯುತ್ತದೆ! ಹಗ್ಗ ಮೆಲ್ಲಗೆ ಸರಿಯಿತು. ಅಜ್ಜಾರು ಬಲಗಾಲು ಎತ್ತಿದ್ದಾರೆ. ಹಗ್ಗ ನಿಂತಿತು. ಉಸಿರು ತೆಗೆದುಕೊಳ್ಳುತ್ತಿದ್ದಾರೆ. ಇದ್ದಕ್ಕಿದ್ದಂತೆ ಒಂದು ಸೆಳೆತ, ಅವಳ ಕೈ ಬಿಗಿಯಿತು. ಕಾಲು ಜಾರಿತ್ತು. ಸಾವರಿಸಿಕೊಂಡರು. ಮತ್ತೆ ಹಗ್ಗ ಸರಿಯಿತು.

ಆಮೇಲೆ ಎರಡು ಸಲ ಜಗ್ಗಿತು.

ಜಾರಿದ್ದು ಬೇರೆ, ಕರೆದದ್ದು ಬೇರೆ. ಎರಡರಲ್ಲಿ ಯಾವುದೆಂದು ಅವಳು ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ. ಅಜ್ಜಾರು ಮೇಲೆ ಮುಟ್ಟಿದ್ದಾರೆ. ನೋಡಿದೆಯಾ ಎಂದು ಯಾರಾದರೂ ಕೇಳಿದರೆ, ಇಲ್ಲ. ಆದರೆ ಮುಟ್ಟಿದ್ದಾರೆ.



ಗುಡಿಯ ಗಂಟೆ ಕೇಳಿಸಿತು. ಅಜ್ಜಾರು ಇಳಿದು ಬಂದರು. ಗಂಟು ಬಿಚ್ಚುವ ತನಕವೂ ಅವಳಿಂದ ತಡೆಯಲಾಗಲಿಲ್ಲ.

“ಅಜ್ಜಾರ, ಅವತ್ತು ಅಪ್ಪ ಹತ್ತುವಾಗ ಹಗ್ಗ ನಿಮ್ಮ ಕೈಯಾಗ ಇತ್ತು.”

“ಇತ್ತು.”

“ಎರಡು ಸಲ ಜಗ್ಗಿತೇನ್ರಿ?”

ಅಜ್ಜಾರು ನಿಂತಲ್ಲೇ ಕೂತರು. ಬಂಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದರು.

“ಜಗ್ಗಿತು.”

ಬನಶಂಕರಿ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಅಪ್ಪ ಮುಟ್ಟಿದ್ದ. ಮುಟ್ಟಿ, ಊರಿನ ರೂಢಿಯಂತೆ ಗೆಳೆಯನನ್ನು ಕರೆದಿದ್ದ.

“ಮತ್ತ ಹೇಳಬೇಕಿಲ್ಲೇನ್ರಿ! ನಮ್ಮವ್ವ, ನಾನು, ಇಷ್ಟು ವರ್ಷ...”

“ನಿಮ್ಮವ್ವನೂ ಕೇಳಿದ್ಲು. ನಮ್ಮ ನಾಯಕ ಕೇಳಿದ, ಪೇಪರಿನವರು ಕೇಳಿದ್ರು. ನೋಡೀ ಏನು ಅಂದ್ರು. ಇಲ್ಲ ಅಂದೆ. ಕೈಗೆ ಏನು ಬಂತು ಅಂತ ಯಾರೂ ಕೇಳಲಿಲ್ಲ.”

“ಕೇಳಲಿಲ್ಲಂದ್ರ ಹೇಳಬಾರದೇನ್ರಿ?”

“ಅದನ್ನ ಹೇಳಿದ್ರ ಮುಂದಿನದೂ ಹೇಳಬೇಕಾಗತಿತ್ತು.”

ಅಜ್ಜಾರು ಎರಡೂ ಅಂಗೈಗಳನ್ನು ಬಿಚ್ಚಿ ತೋರಿಸಿದರು. ಅಡ್ಡಕ್ಕೆ ಹಳೆಯ ಸುಟ್ಟ ಗಾಯದ ಕಲೆ, ಹಗ್ಗದಷ್ಟೇ ದಪ್ಪ.

“ಅವ ಎರಡು ಸಲ ಜಗ್ಗಿದ. ನಾನೂ ಬಾದಾಮಿ ಕಡಿಯವ, ತಂಗೀ. ಕೈ ತಾನ ಒಂದು ಸಲ ಜಗ್ಗಿತು. ತಿಳೀತೋ ಹುಚ್ಯಾ ಅಂದಂಗ. ಆಮ್ಯಾಲ ಹಗ್ಗ ಓಡಿತು. ಹಿಡದೆ. ಕೈ ಸುಟ್ಟರೂ ಬಿಡಲಿಲ್ಲ. ಮ್ಯಾಲ ಎಲ್ಲೋ ಬಂಡಿಗೆ ಹಗ್ಗ ಹರೀತು. ತುದಿ ಹಗುರಾಗಿ ಕೈಗೆ ಬಂತು.”

ಅಜ್ಜಾರು ಅಂಗೈ ಮುಚ್ಚಿಕೊಂಡರು.

“ತುದಿ ಮ್ಯಾಲ ಹಿಮ ಅಂಚಿನಂಗ ಹೊರಗ ಚಾಚಿಕೊಂಡಿರತೈತಿ. ನಾ ಜಗ್ಗಿದ್ದು ಅವಂಗ ಮುಟ್ಟೋದರೊಳಗ ಆ ಅಂಚು ಮುರೀತೋ? ನಾ ಜಗ್ಗಿದ್ದಕ್ಕ ಅವನ ಕಾಲು ತಪ್ಪಿ ಬಿದ್ದನೋ? ನಿನ್ನಂಗ ನಾನೂ ಒಂದು ಪ್ರಶ್ನಿ ಇಟಕೊಂಡು ಕುಂತೀನಿ. ನಿನ್ನದಕ್ಕ ಉತ್ತರ ನನ್ನ ಹತ್ತಿರ ಇತ್ತು. ನನ್ನದಕ್ಕ ಯಾರ ಹತ್ತಿರಾನೂ ಇಲ್ಲ.”

ಬನಶಂಕರಿ ನಾಲ್ಕು ಹೆಜ್ಜೆ ಹಿಂದೆ ಸರಿದಳು. ಅಪ್ಪನನ್ನು ಗೆಲ್ಲಿಸಿದ ಮಾತು, ಅಪ್ಪನನ್ನು ಕೊಂದಿರಬಹುದಾದ ಕೈ, ಎರಡೂ ಒಂದೇ ಉಸಿರಿನಲ್ಲಿ ಬಂದಿದ್ದವು. ಅವಳಿಗೆ ಅಜ್ಜಾರ ಮೇಲೆ ಸಿಟ್ಟು ಉಕ್ಕಿತು. ಅದರ ಬೆನ್ನಿಗೇ, ತಪ್ಪಿ ಜಗ್ಗಿದ ತನ್ನದೇ ಕೈ ನೆನಪಾಯಿತು.

“ನಿನ್ನೆ ನಾ ಮೇಜರ್‌ಗೆ ಸುಳ್ಳು ಹೇಳಿ ಬಂದೀನ್ರಿ. ನೀವು ನೋಡೀರಿ ಅಂತ.”

“ಗೊತ್ತೈತಿ. ನೀ ಓಡಿ ಬಂದ ರೀತಿ ಹೇಳ್ತು.”

“ನಾ ಹೋಗಬೇಕು.”

“ಹೋಗು.”

ನದಿಯ ದಂಡೆಯಲ್ಲಿ ಅವಳು ನಡೆದದ್ದು ಹೇಗೋ ಅವಳಿಗೇ ಗೊತ್ತಿಲ್ಲ. ಸುಮ್ಮನಿದ್ದರೆ ಸುಳ್ಳು ಗಟ್ಟಿಯಾಗುತ್ತದೆ, ಅಪ್ಪನ ಹೆಸರು ಮೊದಲಿಗೆ ನಿಲ್ಲುತ್ತದೆ. ನಿಜ ಹೇಳಿದರೆ ಇನ್ನೂ ಒಳ್ಳೆಯದೇ, ಆದರೆ ಅದರ ಜೊತೆ ಈ ಮುದುಕನ ಕೈಯನ್ನೂ ಜನರ ಬಾಯಿಗೆ ಹಾಕಬೇಕು. ಅರ್ಧ ನಿಜ ಹೇಳಿ ಅರ್ಧ ಮುಚ್ಚಿಟ್ಟರೆ ಅದೂ ಸುಳ್ಳಿನ ತಮ್ಮನೇ. ದಾರಿಯಲ್ಲಿ ಎರಡು ಸಲ ನಿಂತಳು, ಒಂದು ಸಲ ಹಿಂದಕ್ಕೂ ತಿರುಗಿದಳು.

ತಂಡದ ಹುಡುಗರು ಮಂಜು ತಿಳಿಯಾಗಲೆಂದು ಚೀಲ ಬೆನ್ನಿಗೇರಿಸಿ ಕಾಯುತ್ತಿದ್ದರು. ಅವಳನ್ನು ಕಂಡ ಕೂಡಲೇ ಟೋಪಿ ತೆಗೆದರು. ಅದೇ ಎಲ್ಲಕ್ಕಿಂತ ಕಷ್ಟವಾಯಿತು.

“ಮೇಜರ್ ಸಾಹೇಬ್ರ, ಅಜ್ಜಾರು ನೋಡಿಲ್ಲ. ನಿನ್ನೆ ನಾ ಹೇಳಿದ್ದು ಸುಳ್ಳು.”

ಮೇಜರ್‌ನ ಮುಖ ಗಂಟಿಕ್ಕಿತು. “ಯಾಕಮ್ಮ? ನಾನು ಪೂರ್ತಿ ನಂಬಿಬಿಟ್ಟಿದ್ದೆ.”

“ನೀವು ನಂಬಿದ್ರಿ. ನನಗ ನಂಬಾಕ ಆಗಲಿಲ್ಲ.”

“ಅಂದ್ರೆ ನಿಮ್ಮ ತಂದೆ ಹೆಸರಿನ ಮುಂದೆ ಆ ಚಿಹ್ನೆ ಹಾಗೇ ಉಳಿಯುತ್ತೆ.”

“ಉಳೀಲಿ ಬಿಡ್ರಿ.”

ಮೇಜರ್ ಒಂದು ಹೆಜ್ಜೆ ಹತ್ತಿರ ಬಂದ. “ಅಜ್ಜನವರು ಬೇರೆ ಏನಾದ್ರೂ ಹೇಳಿದ್ರಾ?”

“ಹೇಳಿದ್ರು. ಅದು ಪುಸ್ತಕಕ್ಕ ಅಲ್ರಿ.”

ಅವನು ಕೈ ಮುಗಿದ. ಬನಶಂಕರಿ ತಿರುಗಿ ಹೊರಟಳು. ಈ ಸಲ ಅವಳು ಓಡಲಿಲ್ಲ.

ಅಜ್ಜಾರು ಇನ್ನೂ ಬಂಡೆಯ ಬುಡದಲ್ಲೇ ಕೂತಿದ್ದರು. ಒಲೆ ಹೊತ್ತಿಸಿರಲಿಲ್ಲ. ಅವಳು ಬಂದದ್ದು ಕಂಡರೂ ತಲೆ ಎತ್ತಲಿಲ್ಲ, ಏನು ಹೇಳಿ ಬಂದೆ ಎಂದು ಕೇಳಲೂ ಇಲ್ಲ. ಅವರು ಹೆದರಿದ್ದಾರೆಂದು ಅವಳಿಗೆ ಆಗ ಗೊತ್ತಾಯಿತು. ಬಂದ ದಿನದಿಂದ ಅವರನ್ನು ಬಾಯಿಮಾತಿಗೆ ಅಜ್ಜಾರ ಎಂದು ಕರೆದಿದ್ದಳು. ಹೆದರಿಕೆಯಿದ್ದೂ ನಿಜ ಹೇಳಿದ ಇವರೇ ಗುರು ಎಂದು ಅನ್ನಿಸಿದ್ದು ಆ ಹೊತ್ತಿಗೆ.

ಬನಶಂಕರಿ ಹಗ್ಗದ ಒಂದು ತುದಿ ಎತ್ತಿ ತನ್ನ ಸೊಂಟಕ್ಕೆ ಬಿಗಿದಳು. ಇನ್ನೊಂದು ತುದಿಯನ್ನು ಅಜ್ಜಾರ ಮುಂದೆ ಹಿಡಿದಳು.

“ಹಿಡೀರಿ.”

“ನಾನು ಅವತ್ತಿನಿಂದ ಯಾರಿಗೂ ಹಿಡಿದಿಲ್ಲ.”

“ಹಿಡೀರಿ, ಅಜ್ಜಾರ.”

“ಯವ್ವಾ, ಬ್ಯಾಡ.”

“ನನ್ನ ನೋಡಬ್ಯಾಡ್ರಿ. ಸುಮ್ಮನ ಹಿಡೀರಿ,” ಎಂದು ಅವರದೇ ಮಾತನ್ನು ಅವರಿಗೆ ಕೊಟ್ಟು, ಹಗ್ಗವನ್ನು ಆ ಕಲೆಬಿದ್ದ ಅಂಗೈಗಳಲ್ಲಿಟ್ಟು, ಬೆರಳು ಮಡಚಿದಳು.

ಬಂಡೆ ಹತ್ತುವುದು ಅವಳಿಗೆ ಏನೂ ಅಲ್ಲ. ಆದರೂ ನಿಧಾನವಾಗಿ ಹತ್ತಿದಳು. ಮಂಜಿನೊಳಗೆ ಹೊಕ್ಕ ಮೇಲೆ ಕೆಳಗೆ ಏನೂ ಕಾಣಲಿಲ್ಲ. ಹಗ್ಗ ಮಾತ್ರ ಅವಳ ಹಿಂದೆಯೇ, ಹೆಚ್ಚು ಸಡಿಲವಾಗದೆ, ಹೆಚ್ಚು ಬಿಗಿಯದೆ ಬರುತ್ತಿತ್ತು. ಹಿಡಿಯಲು ಬಲ್ಲ ಕೈ ಅದು. ಅಪ್ಪನಿಗೂ ಹೀಗೆಯೇ ಬಂದಿರುತ್ತದೆ ಎಂದುಕೊಂಡಳು.

ಗುಡಿಯ ಮುಂದೆ ಹೆಜ್ಜೆಯಗಲದ ಅಂಚು. ಗೌರಿಯ ಮುಂದಿನ ದೀಪ ಸಣ್ಣಗೆ ಉರಿಯುತ್ತಿತ್ತು. ಗುಡಿಯ ಕಂಬ ಕೈಗೆಟಕುವಂತಿತ್ತು. ಬನಶಂಕರಿ ಅದನ್ನು ಹಿಡಿಯಲಿಲ್ಲ. ಅಂಚಿನ ತುದಿಗೆ ಬಂದು, ಪಾದದ ಬೆರಳು ಹೊರಗೆ ಚಾಚುವಂತೆ ನಿಂತು, ಎರಡು ಸಲ ಜಗ್ಗಿದಳು. ಜಗ್ಗಿ ಎರಡೂ ಕೈ ಬಿಟ್ಟಳು.

ಉತ್ತರವಿಲ್ಲ.

ಗಾಳಿ ಬೀಸಿತು. ಮತ್ತೆ ಎರಡು ಸಲ ಜಗ್ಗಿದಳು.

ಬಹಳ ಹೊತ್ತಾಯಿತು. ಇಷ್ಟು ಹೊತ್ತು ಒಂದೇ ಕಡೆ ನಿಂತದ್ದು ಅವಳ ಬದುಕಿನಲ್ಲೇ ಮೊದಲು. ಕಾಲು ಹಂಬಲಿಸಲಿಲ್ಲ, ಕಣ್ಣು ಶಿಖರದ ಕಡೆ ಓಡಲಿಲ್ಲ. ಸೊಂಟದ ಗಂಟಿನ ಮೇಲೆಯೇ ಅವಳ ಜೀವವೆಲ್ಲ ಕೂತಿತ್ತು.

ಆಗ ಬಂತು. ಒಂದೇ ಸಲ. ಮಗು ಸೆರಗು ಎಳೆದಷ್ಟು.

ಅವಳು ಇಳಿದು ಬಂದಾಗ ಅಜ್ಜಾರು ಹಗ್ಗವನ್ನು ಇನ್ನೂ ಬಿಟ್ಟಿರಲಿಲ್ಲ. ಗಡ್ಡವೆಲ್ಲ ಒದ್ದೆಯಾಗಿತ್ತು. ಮಂಜಿನಿಂದ ಇದ್ದರೂ ಇರಬಹುದು.

“ಎಲ್ಲಿ ನಿಂತಿದ್ದಿ?”

“ಅಂಚಿನ ಮ್ಯಾಲ್ರಿ. ಏನೂ ಹಿಡಿದಿರಲಿಲ್ಲ.”

ಅಜ್ಜಾರು ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡರು. ಕೇಳಬೇಕೋ ಬೇಡವೋ ಎಂಬಂತೆ ತಡೆದರು. ಆಮೇಲೆ ಬಹಳ ಮೆಲ್ಲಗೆ, ಶಿಷ್ಯನೊಬ್ಬ ಕೇಳುವ ಹಾಗೆ ಕೇಳಿದರು.

“ನಾ ಜಗ್ಗಿದ್ದು ಮುಟ್ಟಿತೇನು?”

“ಮುಟ್ಟಿತ್ರಿ, ಅಜ್ಜಾರ. ಕಾಲು ಅಲುಗಲಿಲ್ಲ. ನೀವು ಕೆಳಗ ಇದ್ದೀರಿ ಅಂತ ತಿಳೀತು, ಅಷ್ಟ.”

ಮೋಡ ಸರಿದಿತ್ತು. ದೂರದಲ್ಲಿ ಹಳದಿ ಡೇರೆಗಳಿಂದ ಹೊರಟ ಸಾಲು ಹಿಮದ ಮೇಲೆ ಮೆಲ್ಲಗೆ ಏರುತ್ತಿತ್ತು. ಅಜ್ಜಾರು ತಲೆ ಎತ್ತಿ ಗೌರೀಧಾರದ ತುದಿಯನ್ನು ನೋಡಿದರು.

“ಹಂಗಾದ್ರ,” ಎಂದರು, “ಅವಂಗೂ ಮುಟ್ಟಿರಬೇಕು.”